ಮಡಿ ಬೀರು

ಚಂದ್ರಪ್ರಭಾ ಮೇಡಂ ಅವರಿಗೆ ಹಿಂದಿ ಬರುತ್ತಿರಲಿಲ್ಲ ಎಂದರೆ ತಪ್ಪಾಗುತ್ತದೆ. ಬರುತ್ತಿತ್ತು. ಆದರೆ ಅವರ ಬಾಯಲ್ಲಿ ಫೈಲು ಬೆಳಿಗ್ಗೆ ಗಂಡಾಗಿರುತ್ತಿತ್ತು, ಮಧ್ಯಾಹ್ನಕ್ಕೆ ಹೆಣ್ಣಾಗುತ್ತಿತ್ತು. ಮದುವೆಯಾದಾಗಿನಿಂದ ದೆಹಲಿ ಸೀಮೆಯ ನೀರು ಕುಡಿದರೂ ಅವರ ಹಿಂದಿ ತಿಪಟೂರು ಸ್ಟೇಷನ್ ದಾಟಿ ಮುಂದೆ ಬಂದಿರಲಿಲ್ಲ. ಫರೀದಾಬಾದಿನ ನಮ್ಮ ಗೇರ್ ಕಾರ್ಖಾನೆಯ ಕೆಲಸಗಾರರು ಅದನ್ನು ಬೆನ್ನ ಹಿಂದೆ ಅಣಕಿಸುತ್ತಿದ್ದರು. ಎದುರಿಗೆ ಅಣಕಿಸುವ ಧೈರ್ಯ ಯಾರಿಗೂ ಇರಲಿಲ್ಲ. ಅಲ್ಲಿ ಪ್ರತಿಯೊಬ್ಬನ ಹುಟ್ಟಿದ ತಾರೀಖು, ಹೆಂಡತಿಯ ಹೆಸರು, ಹಾಕಿದ ರಜೆ, ತಿಂದ ಮೆಮೊ ಎಲ್ಲವೂ ಅವರ ಸುಪರ್ದಿಯಲ್ಲಿತ್ತು.

ಅವರ ಕೋಣೆಯ ಬಾಗಿಲ ಮೇಲೆ ಸಿಬ್ಬಂದಿ ವಿಭಾಗ ಎಂದು ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಬರೆದಿತ್ತು. ವಿಭಾಗ ಎಂದರೆ ಮೇಡಂ, ತಲೆ ನರೆತ ಟೈಪಿಸ್ಟ್ ಶರ್ಮಾಜೀ, ಗೋಡೆಯುದ್ದಕ್ಕೂ ಕಬ್ಬಿಣದ ಬೀರುಗಳು, ಅಷ್ಟೇ. ಮೇಡಂ ಅವರ ಯಜಮಾನರು ಇಂದುಶೇಖರ ದೆಹಲಿಯಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿದ್ದರು. ಮನೆಯಲ್ಲಿ ಇಬ್ಬರು ಚಂದ್ರರು, ಬೆಳಕು ಮಾತ್ರ ಒಬ್ಬರದೇ ಎಂದು ಮೇಡಂ ಅವರೇ ತಮಾಷೆ ಮಾಡುತ್ತಿದ್ದರು. ಯಾರದು ಎಂದು ಕೇಳುವ ಅಗತ್ಯ ಬೀಳುತ್ತಿರಲಿಲ್ಲ.

ನಾನು ಸರಳಾ. ಕೋಲಾರದ ಕಡೆಯವಳು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಫರೀದಾಬಾದಿನಲ್ಲಿದ್ದ ಅಕ್ಕನ ಮನೆಗೆ ಬಂದು, ಎರಡು ಸಾವಿರದ ಮೂರರಲ್ಲಿ ಆ ಕಾರ್ಖಾನೆ ಸೇರಿದೆ. ತಯಾರಾದ ಗೇರುಗಳನ್ನು ಅಳೆದು ನೋಡಿ ಪಾಸು, ಫೇಲು ಹೇಳುವ ಕೆಲಸ. ಮೊದಲ ದಿನ ನನ್ನ ದಾಖಲೆಗಳನ್ನೆಲ್ಲ ಒಂದು ಕವರಿನಲ್ಲಿ ತುಂಬಿಕೊಂಡು ಮೇಡಂ ಮುಂದೆ ಕುಳಿತೆ. ಹೆಸರು, ಊರು ಓದಿದವರೇ ಕನ್ನಡಕ್ಕೆ ಇಳಿದರು.

"ಕೋಲಾರನಾ? ಸರಿ ಹೋಯ್ತು. ಇನ್ಮೇಲೆ ನನಗೆ ಬೈಯೋಕಾದ್ರೂ ಒಬ್ರು ಸಿಕ್ಕಿದ್ರಿ. ಹಿಂದೀಲಿ ಬೈದ್ರೆ ಇವರು ನಗ್ತಾರೆ."

ಕಾಗದಗಳನ್ನು ಒಂದೊಂದಾಗಿ ತೆಗೆದು ಜೋಡಿಸಿದರು. ಮಾರ್ಕ್ಸ್ ಕಾರ್ಡು, ವಯಸ್ಸಿನ ದಾಖಲೆ, ಫೋಟೊ. ಆಮೇಲೆ ನನ್ನ ಜಾತಿ ಪ್ರಮಾಣಪತ್ರ ಕೈಗೆ ಬಂತು. ನಾನು ಅವರ ಮುಖವನ್ನೇ ನೋಡಿದೆ. ಆ ಕಾಗದ ನೋಡಿದಾಗ ಜನರ ಮುಖದಲ್ಲಿ ಏನೇನು ಆಗುತ್ತದೆ ಎಂದು ನನಗೆ ಚಿಕ್ಕಂದಿನಿಂದ ಗೊತ್ತು. ಮೇಡಂ ಅದನ್ನು ಮಡಚಿ ನನ್ನ ಕಡೆಗೇ ತಳ್ಳಿದರು.

"ಇದು ನಮಗೆ ಬೇಡಮ್ಮ, ನಿಮ್ಮ ಹತ್ರಾನೇ ಇಟ್ಕೊಳ್ಳಿ. ಕೆಲಸಕ್ಕೆ ಬೇಕಾಗದ ಕಾಗದ ಫೈಲಲ್ಲಿ ಇರಬಾರದು. ಇದ್ರೆ ಯಾರಾದ್ರೂ ಓದ್ತಾರೆ."

ನನಗೆ ಹಿತವೆನಿಸಿತು. ಆದರೆ ಆ ಹಿತ ಹೆಚ್ಚು ಹೊತ್ತು ಉಳಿಯಲಿಲ್ಲ. ಎದ್ದು ಹೊರಡುವಾಗ ಮೂಲೆಯಲ್ಲಿದ್ದ ಬೂದು ಬಣ್ಣದ ಬೀರುವಿಗೆ ನನ್ನ ಕೈಚೀಲ ತಗುಲಿತು. ಮೇಡಂ ಅಲ್ಲಿಂದಲೇ ಕೂಗಿದರು: "ಅದನ್ನ ಮುಟ್ಟಬೇಡಿ, ಅದು ಮಡಿ!"

ನನ್ನ ಮೈ ಉರಿದುಹೋಯಿತು. ನಮ್ಮಜ್ಜಿ ಮುನಿಯಮ್ಮ ತನ್ನ ಕಾಲದಲ್ಲಿ ದೊಡ್ಡವರ ಮನೆಯೊಂದರಲ್ಲಿ ಕೊಟ್ಟಿಗೆ ಕೆಲಸ ಮಾಡಿದವಳು. ಆ ಮನೆಯ ಹೆಂಗಸರು ಮಡಿಯಲ್ಲಿ ಬಾವಿಗೆ ಬರುವಾಗ ಅಜ್ಜಿ ದೂರದ ಬೇವಿನ ಮರದ ಹಿಂದೆ ಹೋಗಿ ನಿಲ್ಲಬೇಕಿತ್ತು. ನೆರಳು ಕೂಡ ಬೀಳಬಾರದು. ಅಜ್ಜಿ ಆ ಮಾತನ್ನು ಹೇಳುವಾಗಲೆಲ್ಲ ಪಕ್ಕಕ್ಕೆ ತಿರುಗಿ ಉಗಿಯುತ್ತಿದ್ದಳು. ಅಷ್ಟು ದೂರ ರೈಲಿನಲ್ಲಿ ಬಂದರೂ ಮಡಿ ನನಗಿಂತ ಮೊದಲೇ ಬಂದು ಕುಳಿತಿದೆಯಲ್ಲ ಎಂದು ಹಲ್ಲು ಕಚ್ಚಿಕೊಂಡೆ. ಇವರೂ ಅಷ್ಟೇ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಟ್ಟೆ.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ನಾನು ಒಂಟಿಯಾಗಿ ಕುಳಿತಿದ್ದೆ. ಮೇಡಂ ತಮ್ಮ ಡಬ್ಬಿ ಹಿಡಿದು ಬಂದು ನನ್ನ ಎದುರೇ ಕೂತರು. ನನ್ನ ಡಬ್ಬಿಗೆ ಇಣುಕಿ, ಕೇಳದೆ ಹೇಳದೆ ರಾಗಿ ರೊಟ್ಟಿಯ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ ಅಗಿದರು. "ಇಲ್ಲಿ ರಾಗಿ ಎಲ್ಲಿ ಸಿಗ್ತದೆ ಮಾರಾಯ್ತಿ?" ಎಂದರು. ನನ್ನ ಸಿಟ್ಟಿಗೆ ಏನು ಮಾಡಬೇಕೆಂದು ತಿಳಿಯದೆ ಇನ್ನೊಂದು ತುಂಡು ನಾನೇ ಮುರಿದು ಕೊಟ್ಟೆ.

ಬೀರುವಿನ ಕಥೆ ತಿಳಿದದ್ದು ಆಮೇಲೆ. ನಾನು ಸೇರುವ ಮೊದಲು ಪ್ಯಾಕಿಂಗ್ ವಿಭಾಗದವನೊಬ್ಬನಿಗೆ ಟಿ.ಬಿ. ಬಂದಿತ್ತಂತೆ. ಗುಣವಾಗಿ ವಾಪಸು ಬಂದ. ರಜೆ ಲೆಕ್ಕ ನೋಡಲು ಫೈಲು ತರಿಸಿಕೊಂಡ ಯಾರೋ ಮೇಸ್ತ್ರಿ ಡಾಕ್ಟರ ಚೀಟಿ ಓದಿದ. ಸಂಜೆಯೊಳಗೆ ಶೆಡ್ಡಿಗೆಲ್ಲ ಸುದ್ದಿ. ಮರುದಿನದಿಂದ ಕ್ಯಾಂಟೀನಿನಲ್ಲಿ ಅವನ ಗ್ಲಾಸು ಬೇರೆ. ಸ್ವಲ್ಪ ದಿನದಲ್ಲಿ ಅವನೇ ಕೆಲಸ ಬಿಟ್ಟುಹೋದ. ಅವತ್ತು ಮೇಡಂ ಎಲ್ಲರ ಫೈಲೂ ಬಿಚ್ಚಿದರು. ಕಾಯಿಲೆಯ ಕಾಗದ, ವಿಚಾರಣೆಯ ಕಾಗದ ಎಲ್ಲ ಬೇರೆ ತೆಗೆದು, ಒಬ್ಬೊಬ್ಬರದನ್ನು ಒಂದೊಂದು ಲಕೋಟೆಗೆ ಹಾಕಿ ಅಂಟಿಸಿ, ಬೂದು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಮೇಲಿನ ಫೈಲಿನಲ್ಲಿ ಉಳಿಯುವುದು ಡಾಕ್ಟರು ಕೊಟ್ಟ ಒಂದೇ ಸಾಲು, ಕೆಲಸಕ್ಕೆ ಯೋಗ್ಯ.

"ನಮ್ಮಜ್ಜಿ ಮಹಾ ಮಡಿ ಹೆಂಗಸು," ಎಂದರು ಮೇಡಂ. "ಗಳದ ಮೇಲೆ ಸೀರೆ ಒಣಗಿ ಹಾಕಿದ್ರೆ ಗಾಳಿ ಕೂಡ ಕೇಳಿ ಮುಟ್ಟಬೇಕು. ಆಟ ಆಡ್ತಾ ಸೆರಗು ಮುಟ್ಟಿ ನಾನು ತಿಂದಿರೋ ಏಟಿಗೆ ಲೆಕ್ಕ ಇಲ್ಲ. ದೆಹಲಿಗೆ ಬಂದ ದಿನಾನೇ ಅದಕ್ಕೆಲ್ಲ ಎಳ್ಳುನೀರು ಬಿಟ್ಟೆ. ಮನೇಲಿ ಬಿಟ್ಟ ಮಡೀನ ಈಗ ಆಫೀಸಲ್ಲಿ ಹಿಡಿದಿದೀನಿ, ನೋಡು. ಮನುಷ್ಯರನ್ನ ಮುಟ್ಟಬಹುದು. ಅವರ ಕಾಗದಾನ ಮುಟ್ಟಬಾರದು."

ಅವರು ಕೆಲಸ ಮಾಡುವ ಕ್ರಮವೇ ಹಾಗೆ, ಅರ್ಧ ಕಾನೂನು, ಅರ್ಧ ಮನೆಯ ಪದ್ಧತಿ. ಯಾರ ಹುಟ್ಟಿದ ತಿಂಗಳು ಬಂದರೂ ಅವರನ್ನು ಕರೆದು ಅವರದೇ ಫೈಲು ಅವರ ಮುಂದಿಡುವರು. ಮನೆ ಬದಲಾಯಿತೇ, ಮಗು ಹುಟ್ಟಿತೇ, ಪ್ರಾವಿಡೆಂಟ್ ಫಂಡಿಗೆ ನಾಮಿನಿ ಯಾರು, ಎಲ್ಲ ನೋಡಿ ರುಜು ಹಾಕಬೇಕು. ಹಾಕಿದವರಿಗೆ ತಿಪಟೂರಿನ ಕೊಬ್ಬರಿಯ ಒಂದು ತುಂಡು ಮಿಠಾಯಿ. ಮಿಠಾಯಿಯ ಆಸೆಗೆ ಬರುವವರೇ ಹೆಚ್ಚು. ಅದರಿಂದಲೇ ಲೇಬರ್ ಇನ್ಸ್‌ಪೆಕ್ಟರ್ ಬಂದಾಗ ಬೇರೆ ಕಾರ್ಖಾನೆಗಳಲ್ಲಿ ಓಡಾಟ, ನಮ್ಮಲ್ಲಿ ಚಹಾ. ಒಬ್ಬ ವಯಸ್ಸಿನ ದಾಖಲೆಗೆಂದು ಜನ್ಮಪತ್ರಿ ತಂದುಕೊಟ್ಟಿದ್ದ. ಮೇಡಂ ಅದನ್ನು ವಾಪಸು ಕೊಟ್ಟು, "ತಾರೀಕು ಬೇಕು ಭಯ್ಯಾ, ಶನಿ ಬೇಡ," ಎಂದರಂತೆ.

ಮರುವರ್ಷದ ಬೇಸಿಗೆಯಲ್ಲಿ ನನಗೆ ಕೆಮ್ಮು ಹಿಡಿಯಿತು. ಧೂಳು ಎಂದುಕೊಂಡೆ. ಸಂಜೆ ಸಂಜೆ ಜ್ವರ ಬರತೊಡಗಿತು. ಇ.ಎಸ್.ಐ. ಆಸ್ಪತ್ರೆಯ ಡಾಕ್ಟರು ಕಫ ಪರೀಕ್ಷೆ ಮಾಡಿಸಿ ಟಿ.ಬಿ. ಎಂದರು. ಮಾತ್ರೆ ತಪ್ಪದೆ ತೆಗೆದುಕೊಂಡರೆ ಪೂರ್ತಿ ಗುಣ, ಎರಡು ತಿಂಗಳು ಮನೆಯಲ್ಲಿರಿ ಎಂದರು. ಕಾಯಿಲೆಗೆ ನಾನು ಹೆದರಲಿಲ್ಲ. ಬೇರೆ ಗ್ಲಾಸಿಗೆ ಹೆದರಿದೆ. ನಾನಿನ್ನೂ ಪ್ರೊಬೇಷನ್‌ನಲ್ಲಿದ್ದೆ, ಕೆಲಸ ಖಾಯಂ ಆಗಿರಲಿಲ್ಲ. ಚೀಟಿಯನ್ನು ನಾಲ್ಕಾಗಿ ಮಡಚಿ ಮೇಡಂ ಮುಂದಿಟ್ಟೆ.

ಅವರು ಓದಿದರು. ಲಕೋಟೆಗೆ ಹಾಕಿದರು. ನಾಲಗೆಯಿಂದ ಅಂಚು ಒದ್ದೆ ಮಾಡಿ ಅಂಟಿಸಿದರು.

"ಇ.ಎಸ್.ಐ. ರಜೆಯಲ್ಲಿರೋರನ್ನ ಕೆಲಸದಿಂದ ತೆಗೆಯೋ ಹಾಗಿಲ್ಲ. ಅದು ಸರ್ಕಾರದ ಕಾನೂನು. ಯಾಕೆ ರಜೆ ಅಂತ ಯಾರಿಗೂ ಹೇಳೋ ಹಾಗಿಲ್ಲ. ಇದು ನನ್ನದು. ಹೋಗು, ಮಾತ್ರೆ ನುಂಗಿ ಮಲಗು. ಮೊಟ್ಟೆ ತಿಂತೀಯಾ? ತಿನ್ನು."

ಆಗಿನ ಜನರಲ್ ಮ್ಯಾನೇಜರ್ ಖುರಾನಾ ಸಾಹೇಬರು. ಕೆಟ್ಟವರಲ್ಲ. ಆದರೆ ತಮ್ಮ ಕಾರ್ಖಾನೆಯಲ್ಲಿ ತಮಗೆ ಗೊತ್ತಿಲ್ಲದ ವಿಷಯವೊಂದಿದೆ ಎಂದರೆ ಅವರಿಗೆ ಅನ್ನ ಇಳಿಯದು. ನಾನು ರಜೆಯಲ್ಲಿದ್ದಾಗ ನನ್ನ ಕಾಗದ ತರಲು ಹೇಳಿದರು. ಮೇಡಂ ಹೋಗಿ, "ವೋ ಮಡಿ ಮೇಂ ಹೈ ಸರ್, ಛೂನಾ ಮನಾ ಹೈ," ಅದು ಮಡಿಯಲ್ಲಿದೆ, ಮುಟ್ಟುವ ಹಾಗಿಲ್ಲ ಎಂದು ಹೇಳಿ ಬಂದರು. ಸಾಹೇಬರಿಗೆ ಆ ಮಡಿ ಎಂದರೇನೆಂದು ತಲೆಬುಡ ಅರ್ಥವಾಗಲಿಲ್ಲ. ಆದರೆ ಕೇಳಿದರೆ ತಮಗೆ ಗೊತ್ತಿಲ್ಲ ಎಂದಾಗುತ್ತದೆ. ಅವರು ಕೇಳಲಿಲ್ಲ.

ಈಗ ಶರ್ಮಾಜೀ ಪ್ರವೇಶ. ಮೇಡಂ ಆ ಬೀರುವಿಗೆ ಒಂದು ಚೀಟಿ ಟೈಪ್ ಮಾಡಿ ಅಂಟಿಸಿ ಎಂದು ಹೇಳಿದ್ದರು. ಮಡಿ ಎನ್ನುವುದು ಶರ್ಮಾಜೀಗೆ ಪದದಂತೆ ಕೇಳಲಿಲ್ಲ. ಪಿ.ಎಫ್., ಇ.ಎಸ್.ಐ. ಹಾಗೆ ಇದೂ ಒಂದಿರಬೇಕೆಂದು ಇಂಗ್ಲಿಷಿನಲ್ಲಿ ಎಂ, ಎ, ಡಿ, ಐ ಎಂದು ದಪ್ಪಕ್ಷರದಲ್ಲಿ, ಅಕ್ಷರಕ್ಕೊಂದು ಚುಕ್ಕೆ ಇಟ್ಟು ಹೊಡೆದು ಅಂಟಿಸಿಬಿಟ್ಟರು. ಅದನ್ನು ನೋಡಿದ ಖುರಾನಾ ಸಾಹೇಬರ ತಲೆಯೊಳಗೆ ದೀಪ ಹತ್ತಿತು. ಮುಂದಿನ ಮೀಟಿಂಗಿನಲ್ಲಿ ಎಲ್ಲರಿಗೂ ವಿವರಿಸಿದರು: ಮೆಡಿಕಲ್ ಅಂಡ್ ಡಿಸಿಪ್ಲಿನರಿ ಇನ್ಫರ್ಮೇಶನ್. ಕಾನೂನು ಬಹಳ ಕಠಿಣ, ಜನರಲ್ ಮ್ಯಾನೇಜರಿಗೂ ನೋಡುವ ಹಕ್ಕಿಲ್ಲ. ಎಲ್ಲರೂ ತಲೆಯಾಡಿಸಿದರು. ಮೇಡಂ ಕೂಡ ಅಲ್ಲಿದ್ದರು. ಅವರು ಸುಳ್ಳು ಹೇಳಲಿಲ್ಲ, ತಿದ್ದಲೂ ಹೋಗಲಿಲ್ಲ. ಸೆರಗಿನಿಂದ ಕನ್ನಡಕ ಒರೆಸಿಕೊಂಡರಂತೆ.

ನಾನು ಗುಣವಾಗಿ ಬಂದೆ. ಕ್ಯಾಂಟೀನಿನಲ್ಲಿ ನನ್ನ ಗ್ಲಾಸು ಎಲ್ಲರ ಗ್ಲಾಸುಗಳ ಜೊತೆಗೇ ಇತ್ತು. ಮೇಡಂ ಎದುರಿಗೆ ಕೂತು, ಎಂದಿನಂತೆ ಕೇಳದೆ ನನ್ನ ಡಬ್ಬಿಗೆ ಕೈ ಹಾಕಿದರು. ನನ್ನ ರಜೆಯ ಕಾರಣ ಗೊತ್ತಿದ್ದದ್ದು ಇಡೀ ಕಾರ್ಖಾನೆಯಲ್ಲಿ ಅವರೊಬ್ಬರಿಗೇ. ಅವತ್ತು ಡಬ್ಬಿಯನ್ನೇ ಅವರ ಕಡೆಗೆ ತಳ್ಳಿದೆ. ಆ ಋಣ ಎಂಥದ್ದು ಎಂದು ಹೇಳಲು ಇವತ್ತಿಗೂ ನನಗೆ ಸರಿಯಾದ ಮಾತು ಸಿಕ್ಕಿಲ್ಲ.

ಮೂರು ವರ್ಷ ಮಡಿ ಕಾನೂನು ನಿರಾತಂಕವಾಗಿ ನಡೆಯಿತು. ಎರಡು ಸಾವಿರದ ಏಳರಲ್ಲಿ ಗುಡಗಾಂವ್ ಹೆಡ್ ಆಫೀಸಿನಿಂದ ಹೃಷಿಕೇಶ್ ಎಂಬ ಅಧಿಕಾರಿ ಬಂದ. ದಾಖಲೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕುವುದು, ಪ್ರತಿ ವಿಭಾಗದ ಮುಖ್ಯಸ್ಥನೂ ತನ್ನ ಕೆಳಗಿನವರ ಪೂರ್ತಿ ಫೈಲನ್ನು ಕೂತಲ್ಲೇ ನೋಡುವಂತೆ ಮಾಡುವುದು ಅವನ ಕೆಲಸ. ಹುಟ್ಟಿ ಬೆಳೆದದ್ದು ದೆಹಲಿಯ ರೋಹಿಣಿಯಲ್ಲಿ, ಮನೆಮಾತು ಕನ್ನಡ. ಅರ್ಥವಾಗುತ್ತಿತ್ತು, ಮಾತಾಡಲು ಹೋದರೆ ಹಿಂದಿ ಅಡ್ಡ ಬರುತ್ತಿತ್ತು. ಅದು ಗೊತ್ತಾದಾಗ ಮೇಡಂಗೆ ಖುಷಿ, ನನಗೆ ಚಳಿಜ್ವರ. ಇಡೀ ಕಾರ್ಖಾನೆಯಲ್ಲಿ ಮಡಿ ಎಂದರೇನೆಂದು ತಿಳಿಯಬಲ್ಲ ಮೂರನೆಯ ಜೀವ ಇವನೇ.

ಮೀಟಿಂಗಿಗೆ ನನ್ನನ್ನೂ ಕರೆದಿದ್ದರು. ಗುಣಮಟ್ಟ ವಿಭಾಗದ ಕಡೆಯಿಂದ ನಡೆದದ್ದನ್ನು ಬರೆದುಕೊಳ್ಳುವುದು ನನ್ನ ಪಾಲಿಗೆ ಬಂದಿತ್ತು. ಹೃಷಿಕೇಶ್ ತನ್ನ ಯೋಜನೆ ಹೇಳಿ ಮುಗಿಸಿ, ಮೂಲೆಯ ಬೂದು ಬೀರು ಯಾವಾಗ ತೆರೆಯೋಣ ಎಂದ.

"ಅದು ಆಗೋದಿಲ್ಲ," ಎಂದರು ಖುರಾನಾ ಸಾಹೇಬರು ಹಿಂದಿಯಲ್ಲಿ, ಬಹಳ ಗತ್ತಿನಿಂದ. "ಅದು ಮಡಿ. ಕಾನೂನು ಬಿಡೋದಿಲ್ಲ."

"ಯಾವ ಕಾನೂನು ಸರ್? ನಾನು ಕೇಳಿಲ್ಲವಲ್ಲ."

"ಹೆಡ್ ಆಫೀಸಿನವರು ಮಡಿ ಕೇಳಿಲ್ವಾ?" ಸಾಹೇಬರು ಮರುಕದಿಂದ ನೋಡಿದರು. ಆಮೇಲೆ ಅವರಿಗೇ ಆಸೆ ಹುಟ್ಟಿತು. "ಆದ್ರೆ ಆ ಕಾನೂನು ಈಗ ಬದಲಾಗಿದ್ರೆ ಹೇಳಿ, ಒಳ್ಳೇದೇ. ಮೊದಲು ಈ ಸರಳಾ ಅವರದ್ದೇ ತೆಗೆಯೋಣ. ಮುಂದಿನ ತಿಂಗಳು ಇವರನ್ನ ಇನ್ಸ್‌ಪೆಕ್ಷನ್ ಇನ್‌ಚಾರ್ಜ್ ಮಾಡಬೇಕು ಅಂತಿದೀನಿ. ಹಿಂದೆ ಎರಡು ತಿಂಗಳು ಎಲ್ಲಿ ಹೋಗಿದ್ರು ಅಂತ ನನಗೆ ಇವತ್ತಿನವರೆಗೂ ಗೊತ್ತಿಲ್ಲ. ಅದನ್ನ ನೋಡದೆ ಹೇಗೆ ಸೈನ್ ಮಾಡಲಿ?"

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಪೆನ್ನು ನಿಂತುಹೋಯಿತು. ನಾನು ಅಳೆಯುವ ಸಾಮಾನುಗಳೆಲ್ಲ ಎಲ್ಲರ ಕೈಯಿಂದ ಕೈಗೆ ಹೋಗುವಂಥವು. ಆ ಲಕೋಟೆ ಒಡೆದರೆ ಇನ್‌ಚಾರ್ಜ್ ಕುರ್ಚಿ ಹಾಗಿರಲಿ, ನಾಳೆಯಿಂದ ನನ್ನ ಕೈಯಿಂದ ಒಂದು ಗೇರು ತೆಗೆದುಕೊಳ್ಳುವವರೂ ಇರಲಾರರು.

ಹೃಷಿಕೇಶ್ ಮೇಡಂ ಕಡೆ ಬಗ್ಗಿ ಮೆಲ್ಲಗೆ ಕನ್ನಡದಲ್ಲಿ ಕೇಳಿದ: "ಆಂಟಿ, ಇದು... ಅಜ್ಜೀ ವಾಲಾ ಮಡಿನಾ? ನಮ್ಮ ಅಜ್ಜಿ ಕಿಚನ್‌ಗೆ ಬರಬೇಡ ಅಂತ ಹೇಳ್ತಿದ್ರು, ಅದು?"

"ಹೌದಪ್ಪ, ಅದೇ."

ಅವನು ನಗು ತಡೆಯಲು ತುಟಿ ಕಚ್ಚಿದ. ಏನು ಹೇಳುತ್ತಿದ್ದಾರೆ ಎಂದು ಸಾಹೇಬರು ಕೇಳಿದರು. ಈಗ ಮೇಡಂ ಹೌದು ಸರ್, ಕಾನೂನೇ ಎಂದುಬಿಟ್ಟರೆ ಸಾಕು, ಹುಡುಗ ಬಾಯಿ ಬಿಡುವಂತೆ ಕಾಣಲಿಲ್ಲ. ಹೇಳಿಬಿಡಿ ಎಂದು ನಾನು ಮನಸ್ಸಿನಲ್ಲೇ ಅಂಗಲಾಚಿದೆ. ಮೇಡಂ ಎದ್ದು ನಿಂತರು.

"ಮಡಿ ಅಂತ ಯಾವ ಕಾನೂನೂ ಇಲ್ಲ ಸರ್," ಎಂದರು ತಮ್ಮ ಗಂಡು ಹೆಣ್ಣು ತಿಳಿಯದ ಹಿಂದಿಯಲ್ಲಿ. "ಅದು ನಮ್ಮ ಭಾಷೆಯ ಮಾತು. ಮುಟ್ಟಬಾರದು ಅಂತ ಅರ್ಥ."

ಸಾಹೇಬರ ಮುಖ ಕೆಂಪಾಯಿತು.

"ಹಾಗಾದ್ರೆ ಇಷ್ಟು ವರ್ಷ ನಾನು ಹೆದರಿದ್ದು ಯಾರಿಗೆ?"

"ನಮ್ಮಜ್ಜಿಗೆ, ಸರ್."

ಯಾರೋ ಕಿಸಕ್ಕೆಂದರು. ಸಾಹೇಬರು ತಿರುಗಿ ನೋಡಿದರು. ಮೇಡಂ ಮುಂದುವರಿದರು. ಸರ್ಕಾರ ಯಾವ ರಿಜಿಸ್ಟರ್ ಇಡಿ ಎಂದಿದೆಯೋ ಎಲ್ಲ ಇದೆ, ಇನ್ಸ್‌ಪೆಕ್ಟರಿಗೆ ತೋರಿಸಬೇಕಾದದ್ದು ತೆರೆದೇ ಇದೆ. ಕಾಯಿಲೆಯ ಚೀಟಿಯನ್ನು ಎಲ್ಲರಿಗೂ ಓದಿಸಿ ಎಂದು ಯಾವ ಕಾನೂನೂ ಹೇಳಿಲ್ಲ. ಒಬ್ಬರು ಕೆಲಸ ಮಾಡಬಲ್ಲರೋ ಇಲ್ಲವೋ, ಅಷ್ಟು ನಮಗೆ ಬೇಕು. ಸರಳಾ ಯೋಗ್ಯಳು ಎಂದು ಡಾಕ್ಟರು ಬರೆದ ಸಾಲು ಮೇಲಿನ ಫೈಲಿನಲ್ಲೇ ಇದೆ, ಸರ್ ಈಗಲೇ ನೋಡಬಹುದು. ಉಳಿದದ್ದು ಡಾಕ್ಟರಿಗೂ ಅವಳಿಗೂ ಬಿಟ್ಟದ್ದು.

"ನಾನು ಜಿ.ಎಂ.! ನನಗೂ ಬಚ್ಚಿಡಬೇಕಾ?"

"ಸರ್," ಮೇಡಂ ದನಿ ತಗ್ಗಿತು, "ನಿಮ್ಮ ಲಕೋಟೇನೂ ಅದೇ ಬೀರೂಲಿದೆ. ಅದನ್ನೂ ಸ್ಕ್ಯಾನ್ ಮಾಡಿಸಲಾ? ಹೆಡ್ ಆಫೀಸಿನವರೂ ನೋಡಬಹುದು."

ಸಾಹೇಬರು ಕೆಮ್ಮಿದರು. ನೀರು ಕುಡಿದರು. ಅವರ ಲಕೋಟೆಯಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಾಗಲಿಲ್ಲ. ಅದೇ ಅಲ್ಲವೇ ಮೇಡಂ ಹೇಳಿದ್ದು.

"ಅಚ್ಛಾ, ಅಚ್ಛಾ," ಎಂದರು ಕೊನೆಗೆ. "ಚಲೋ, ಹೃಷಿಕೇಶ್, ಕಂಪ್ಯೂಟರಲ್ಲೂ ಬೀಗ ಹಾಕೋಕೆ ಆಗುತ್ತೋ?"

ಆಗುತ್ತದೆ ಎಂದ. ಕಾಯಿಲೆ ಮತ್ತು ವಿಚಾರಣೆಯ ಕಾಗದಗಳಿಗೆ ಬೇರೆ ಜಾಗ, ಅದರ ಪಾಸ್‌ವರ್ಡ್ ಸಿಬ್ಬಂದಿ ವಿಭಾಗಕ್ಕೆ ಮಾತ್ರ, ಜನರಲ್ ಮ್ಯಾನೇಜರಿಗೂ ಇಲ್ಲ ಎಂದು ಸ್ಥಳದಲ್ಲೇ ನಿಯಮ ಮಾಡಿದರು. ಆ ಜಾಗಕ್ಕೆ ಏನು ಹೆಸರು ಎಂಬ ಪ್ರಶ್ನೆ ಬಂತು. ಖುರಾನಾ ಸಾಹೇಬರೇ, "ಮಡಿ ಅಂತಾನೇ ಇರಲಿ. ಚೀಟಿ ಹೇಗಿದ್ರೂ ಅಂಟಿಸಿ ಆಗಿದೆ," ಎಂದರು. ಆಮೇಲೆ ನನ್ನ ಮೇಲಿನ ಫೈಲು ತರಿಸಿ, ಆ ಒಂದು ಸಾಲು ಓದಿ, ಇನ್‌ಚಾರ್ಜ್ ಪತ್ರಕ್ಕೆ ರುಜು ಹಾಕಿದರು. ನಿಯಮವನ್ನು ಬರೆದುಕೊಂಡವಳು ನಾನೇ. ಅಷ್ಟು ಕೆಟ್ಟ ಅಕ್ಷರದಲ್ಲಿ ನಾನು ಯಾವತ್ತೂ ಬರೆದಿರಲಿಲ್ಲ.

ಸ್ಕ್ಯಾನ್ ಕೆಲಸ ಶುರುವಾದ ಮೇಲೆ ಹೃಷಿಕೇಶ್ ನಗುತ್ತ ಬಂದು ಒಂದು ವಿಷಯ ಹೇಳಿದ. ಇಡೀ ಕಾರ್ಖಾನೆಯಲ್ಲಿ ಅಪೂರ್ಣವಾಗಿದ್ದ ಫೈಲು ಒಂದೇ ಒಂದು, ಚಂದ್ರಪ್ರಭಾ ಅವರದು. ಫೋಟೊ ಇಲ್ಲ, ವಿಳಾಸ ಹಳೆಯದು, ನಾಮಿನಿಯ ಜಾಗ ಖಾಲಿ. ದೀಪದ ಬುಡದಲ್ಲಿ ಕತ್ತಲೆ ಎಂದು ನಾನು ಅಂದದ್ದಕ್ಕೆ ಮೇಡಂ ನನ್ನ ಮೇಲೆ ಹಾರಿಬಿದ್ದರು. ಎರಡು ವರ್ಷದ ಮೇಲೆ ಮೇಡಂ ನಿವೃತ್ತರಾಗುವ ವಾರದಲ್ಲಿ ಕೂಡ ಶರ್ಮಾಜೀ ಅವರ ಹಿಂದೆ ಫೋಟೊ ಕೇಳಿಕೊಂಡು ತಿರುಗುತ್ತಿದ್ದರು.

ಆದರೆ ನಾನು ಹೇಳಬೇಕಾದದ್ದು ಆ ಮೀಟಿಂಗಿನ ನಂತರದ ಭಾನುವಾರದ ಮಾತು. ಊರಿಗೆ ಫೋನ್ ಮಾಡಿದೆ. ಮಾವ ತಮ್ಮ ಮೊಬೈಲನ್ನು ಅಜ್ಜಿಯ ಕಿವಿಗೆ ಹಿಡಿದರು. ಅಜ್ಜಿಗೆ ಕಿವಿ ಮಂದ, ಮಾತು ಚುರುಕು.

"ಅಜ್ಜೀ, ಇಲ್ಲಿ ನಂದೊಂದು ಕಾಗ್ದ ಮಡೀಲಿ ಇಕ್ಕವ್ರೆ."

"ಏನಂದೆ?"

"ಮಡೀಲಿ. ಬೀರೂಲಿ ಇಕ್ಕಿ ಬೀಗ ಹಾಕವ್ರೆ. ನಮ್ ದೊಡ್ಡ ಸಾಹೇಬ್ರೂ ಮುಟ್ಟಂಗಿಲ್ಲ."

ಅಜ್ಜಿ ಮೊಬೈಲನ್ನು ಮಾವನ ಕೈಯಿಂದ ತಾನೇ ಕಿತ್ತುಕೊಂಡ ಸದ್ದು ಕೇಳಿಸಿತು.

"ನಮ್ದನ್ನ ಅವ್ರು ಮುಟ್ಟಂಗಿಲ್ವಾ?" ಎಂದಳು ಅಜ್ಜಿ.

"ಮುಟ್ಟಂಗಿಲ್ಲ ಅಜ್ಜಿ."

ಅಜ್ಜಿ ನಗತೊಡಗಿದಳು. ನಕ್ಕು ನಕ್ಕು ಕೆಮ್ಮಿದಳು. ಯಾರು ಇಟ್ಟರು ಎಂದು ಕೇಳಿದಳು, ಹೇಳಿದೆ. ಯಾವ ಜನ ಎಂದು ಕೇಳಿದಳು, ಅದನ್ನೂ ಹೇಳಿದೆ. ಆಮೇಲೆ, "ಆಯಮ್ಮನ ಹೊಟ್ಟೆ ತಣ್ಣಗಿರ್ಲಿ. ಮುನಿಯಮ್ಮ ಅಂದ್ಲು ಅಂತ ಹೇಳು," ಎಂದಳು.

ಸೋಮವಾರ ಊಟದ ಹೊತ್ತಿಗೆ ಮೇಡಂಗೆ ಎಲ್ಲ ಹೇಳಿದೆ. ಬಾವಿ, ಬೇವಿನ ಮರ, ಮೊದಲ ದಿನ ನಾನು ಹಲ್ಲು ಕಚ್ಚಿಕೊಂಡದ್ದು, ಕಡೆಗೆ ಅಜ್ಜಿಯ ಮಾತು. ಮೇಡಂ ಕೈಯಲ್ಲಿದ್ದ ತುತ್ತು ಕೆಳಗಿಟ್ಟರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಹಾಕಿಕೊಂಡು ಮತ್ತೆ ತೆಗೆದರು.

"ನಿಮ್ಮಜ್ಜಿ ಹೇಳಿದ್ದನ್ನ ಯಾವ ಫೈಲಿಗೂ ಹಾಕೋ ಹಾಗಿಲ್ಲ ಕಣೆ," ಎಂದರು. "ನಾನೇ ಇಟ್ಕೋತೀನಿ."